ಗಾಡಿ ಕೊಂಡ ಕಥೆ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆ ಹತ್ತಿದವರು ಕದಂಬರಿಂದ ಹೊರಟು, ಚಾಲುಕ್ಯ ಹೊಯ್ಸಳರನ್ನು ಕಂಡು, 1956ರ ನವೆಂಬರ 1ಕ್ಕೆ ಬಂದು ಇಳಿಯುವುದು ವಾಡಿಕೆ. ಆ ದೂರದ ಪ್ರಯಾಣವನ್ನು ನಮಗಿಂತ ಬಲ್ಲವರು ಈ ಸಭೆಯಲ್ಲಿಯೇ ಅನೇಕರಿದ್ದಾರೆ. ಕಾರ್ಯದರ್ಶಿಗಳು ನಮ್ಮ ಮೇಲೆ ಕರುಣೆಯಿಟ್ಟು, “ನಿಮಗೆ ಅನುಭವವಿದ್ದ ವಿಷಯವನ್ನೇ ಹೇಳಿರಿ, ಸಾಕು” ಎಂದರು. ಮನೆಗೆ ಹೋಗಿ ಯೋಚಿಸಿ ನೋಡಿದೆವು. ಈಚೆಗೆ ನಮಗೆ ಆದ ಅನುಭವವೆಂದರೆ ಒಂದೇ: ಮಗಳಿಗೆ ಮೋಟಾರು ಸೈಕಲ್ ಕೊಡಿಸಿದ್ದು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದರು. ಅವರ ಕಾಲಕ್ಕೆ ಗಾಡಿಯ ಅಂಗಡಿಗಳಿರಲಿಲ್ಲ. ಇದ್ದಿದ್ದರೆ ಗಾದೆ ಇನ್ನೊಂದು ಮಾತಿನಷ್ಟು ಉದ್ದವಾಗುತ್ತಿತ್ತು.

ಇದು ನಗುವ ವಿಷಯವೂ ಹೌದು, ನಗುವಂತಹದಲ್ಲದ ವಿಷಯವೂ ಹೌದು. ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಿಗೆ ಮನೆಯ ನಂತರದ ದೊಡ್ಡ ಖರ್ಚೆಂದರೆ ಗಾಡಿಯೇ. ಅದರಲ್ಲಿ ಹತ್ತು ಸಾವಿರ ರೂಪಾಯಿ ಹೆಚ್ಚು ಹೋದರೆ ಅದು ಮಕ್ಕಳ ಫೀಯಿನಿಂದಲೋ ಊರಿಗೆ ಕಳಿಸುವ ಹಣದಿಂದಲೋ ಹೋದಂತೆಯೇ.

ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಹೆಸರಾಗಿತ್ತು. ಆಮೇಲೆ ಗಾಡಿಗಳನ್ನು ಮಾಡುವ ಊರೇ ಆಯಿತು. ಆಕುರ್ಡಿಯಲ್ಲಿ ಬಜಾಜ್ ಕಾರಖಾನೆ ಇಟಲಿಯ ಪಿಯಾಜಿಯೋ ಕಂಪನಿಯ ಪರವಾನಿಗೆಯಿಂದ ವೆಸ್ಪಾ ಸ್ಕೂಟರು ತಯಾರಿಸಿತು. ಆ ಒಪ್ಪಂದ 1971ರಲ್ಲಿ ಮುಗಿದ ಮೇಲೆ, 1972ರಲ್ಲಿ ಚೇತಕ ಹೊರಬಂದಿತು. ಪುಣೆಯ ಫಿರೋದಿಯಾ ಮನೆತನದ ಕಾಯ್ನೆಟಿಕ್ ಕಂಪನಿಯ ಲೂನಾ ಕೂಡ ಅದೇ ವೇಳೆಗೆ ಹೊರಬಂದದ್ದು. ನಮ್ಮ ಕನ್ನಡ ನಾಡೇನು ಹಿಂದೆ ಬಿದ್ದಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯಲ್ಲಿ 1961ರಿಂದ ಜಾವಾ, ಮುಂದೆ ಯೆಜ್ಡಿ ಮೋಟಾರು ಸೈಕಲ್ಲುಗಳು ತಯಾರಾದವು. ಆ ಕಾರಖಾನೆ 1996ರಲ್ಲಿ ಮುಚ್ಚಿತು. ಆದರೆ ಅದರ ‘ಡಬ್ ಡಬ್’ ಸದ್ದು ಕೇಳಿದರೆ ಮೈಸೂರಿನ ಕಡೆಯವರು ಇಂದಿಗೂ ತಿರುಗಿ ನೋಡುತ್ತಾರೆ. ಯೆಜ್ಡಿ ಎಂಬ ಹೆಸರು 2022ರಲ್ಲಿ ಮತ್ತೆ ಬಂದದ್ದೂ ತಮಗೆ ತಿಳಿದದ್ದೇ.

ಇಷ್ಟು ಗಾಡಿಗಳು ತಯಾರಾಗುತ್ತಿದ್ದರೂ ಕೊಳ್ಳುವವನಿಗೆ ಗಾಡಿ ಸಿಕ್ಕುತ್ತಿರಲಿಲ್ಲ. ಕಾರಖಾನೆ ಎಷ್ಟು ತಯಾರಿಸಬೇಕೆಂಬುದು ಸರಕಾರದ ಲೈಸೆನ್ಸಿನಲ್ಲಿ ಬರೆದಿರುತ್ತಿತ್ತು. ಯಾರಿಗೆ ಹೇಗೆ ಮಾರಬೇಕೆಂಬುದಕ್ಕೆ 1960ರಲ್ಲಿಯೇ ಕೇಂದ್ರ ಸರಕಾರ ಒಂದು ಹತೋಟಿಯ ಆಜ್ಞೆ ಹೊರಡಿಸಿತ್ತು. ಹೆಸರು ಹಚ್ಚಬೇಕು, ಠೇವಣಿ ಇಡಬೇಕು, ಕಾಯಬೇಕು. ಪರದೇಶದ ಹಣ ಕಳಿಸುವ ಬಂಧುಗಳಿದ್ದವರಿಗೆ ಬೇಗ ಸಿಕ್ಕುವ ದಾರಿಯಿತ್ತು. ನಮಗೆ ಪರದೇಶವೆಂದರೆ ಸೊಲ್ಲಾಪುರ.

ನಮ್ಮ ತಂದೆಯವರು 1973ರಲ್ಲಿ ಚೇತಕಕ್ಕೆ ಹೆಸರು ಹಚ್ಚಿದರು. ಆಗ ಅವರಿಗೆ ನಾಲ್ವತ್ತೆರಡು ವರುಷ. ದಿನಾಲು ಸೈಕಲ್ಲಿನ ಮೇಲೆ ಕಚೇರಿಗೆ ಹೋಗಿ ಬರುವರು. ಸಂಜೆ ಊಟಕ್ಕೆ ಕುಳಿತಾಗ, “ಸ್ಕೂಟರ ಬಂದ ಮ್ಯಾಲೆ ಕಾತ್ರಜ ಘಾಟ ಇಳಿದು ಒಮ್ಮೆ ಬೆಳಗಾವಿಗೆ ಹೋಗೂಣು” ಎಂದು ಹೇಳುವರು. ಎಂಟು ವರುಷ ನಾವು ಆ ಘಾಟವನ್ನು ಊಟದ ಎಲೆಯ ಮುಂದೆಯೇ ಇಳಿದೆವು. 1981ರಲ್ಲಿ ಅಂಗಡಿಯಿಂದ ಕಾರ್ಡು ಬಂದಿತು. ಅದೇ ತಿಂಗಳು ನಮ್ಮ ಅಕ್ಕನ ಮದುವೆ ಗೊತ್ತಾಗಿತ್ತು. ಸ್ಕೂಟರಿನ ಸರದಿ ಬಂದವರ ಮನೆ ಹುಡುಕಿಕೊಂಡು ಬರುವ ವ್ಯಾಪಾರಿಗಳು ಆಗ ಇರುತ್ತಿದ್ದರು. ಒಬ್ಬನು ಬಂದು, ಸರಕಾರ ಗೊತ್ತುಮಾಡಿದ ಬೆಲೆಯ ಮೇಲೆ ಇಷ್ಟು ಹೆಚ್ಚು ಕೊಡುತ್ತೇನೆಂದು ಹಣ ಎಣಿಸಿಟ್ಟನು. ಅದು ತಪ್ಪು ವ್ಯವಹಾರವೆಂದು ತಂದೆಯವರಿಗೆ ಗೊತ್ತಿತ್ತು. ಒಂದು ರಾತ್ರಿ ಯೋಚಿಸಿದರು, ಬೆಳಗಾಗುತ್ತಲೇ ಒಪ್ಪಿದರು. ಮದುವೆಯ ಊಟದ ಖರ್ಚು ಆ ಹಣದಿಂದ ತೀರಿತು. ಸ್ಕೂಟರು ಅಂಗಡಿಯಿಂದ ನೇರವಾಗಿ ಬೇರೆಯವರ ಮನೆಗೆ ಹೋಯಿತು. ತಂದೆಯವರು ನಿವೃತ್ತರಾಗುವವರೆಗೂ ಸೈಕಲ್ಲನ್ನೇ ತುಳಿದರು. ಆ ಕಾರ್ಡು ಈಗಲೂ ನಮ್ಮ ಟ್ರಂಕಿನಲ್ಲಿದೆ.

ಆಮೇಲೆ ಕಾಲ ಬದಲಾಯಿತು. 1980ರ ದಶಕದ ನಡುವಿನಲ್ಲಿ ಜಪಾನಿನ ಕಂಪನಿಗಳ ಸಹಯೋಗದಿಂದ ಹೊಸ ಮೋಟಾರು ಸೈಕಲ್ಲುಗಳು ಬಂದವು; 1991ರ ನಂತರ ಲೈಸೆನ್ಸಿನ ಕಟ್ಟು ಸಡಿಲಾಯಿತು; ಸರದಿಯ ಪಟ್ಟಿ ಮಾಯವಾಯಿತು. ಈಗ ಹಣವಿದ್ದವನಿಗೆ, ಹಣವಿಲ್ಲದಿದ್ದರೆ ಸಾಲ ಸಿಕ್ಕುವವನಿಗೆ, ಗಾಡಿ ಬೇಕಾದಾಗ ಸಿಕ್ಕುತ್ತದೆ. ಆದ್ದರಿಂದ ಮಗಳಿಗೆ ಚಾಕಣದ ಕಡೆ ನೌಕರಿ ದೊರೆತಾಗ ನಾವು ಧೈರ್ಯದಿಂದಲೇ, “ಬಾರವ್ವ, ಒಂದು ತಾಸಿನ ಕೆಲಸ” ಎಂದು ಹೊರಟೆವು. ಅದು 2025ರ ನವರಾತ್ರಿ. ಸೆಪ್ಟೆಂಬರ 22ರಂದು, ಘಟಸ್ಥಾಪನೆಯ ದಿನವೇ, 350 ಸಿಸಿವರೆಗಿನ ಗಾಡಿಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿತ್ತು. ಊರಿಗೆ ಊರೇ ಅಂಗಡಿಯಲ್ಲಿ ನಿಂತಂತಿತ್ತು.

ಮೊದಲನೆಯ ತೊಡಕು ಆಯ್ಕೆಯದು. ಕರಪತ್ರದಲ್ಲಿ ಎಂಟು ಬಣ್ಣ, ನಾಲ್ಕು ಬಗೆ. ಮಗಳಿಗೆ ಬೇಕಾದದ್ದು ನೀಲಿ ಬಣ್ಣ, ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು, ಕಾಲು ನೆಲಕ್ಕೆ ತಾಗುವಷ್ಟು ಎತ್ತರ. ನೀಲಿಯದಕ್ಕೆ ಡಿಸ್ಕ್ ಬ್ರೇಕು ಇಲ್ಲ. ಡಿಸ್ಕ್ ಬ್ರೇಕಿನದು ನೀಲಿಯಲ್ಲಿ ಇಲ್ಲ. ಎರಡೂ ಇದ್ದದ್ದು ಅಂಗಡಿಯಲ್ಲಿ ಇಲ್ಲ. “ಮೂರು ತಿಂಗಳು ಆಗುತ್ತದೆ, ಸಾಹೇಬ. ಈ ಕರಿಯದು ತಗೊಳ್ಳಿ, ಇವತ್ತೇ ಕೊಡುತ್ತೇನೆ” ಎಂದನು ಮಾರುವ ಹುಡುಗ. ಓಡಿಸಿ ನೋಡುವ ಗಾಡಿ ಕೇಳಿದರೆ ಅದರಲ್ಲಿ ಪೆಟ್ರೋಲಿರಲಿಲ್ಲ. ಎಂಟು ಬಗೆಯ ಪಕ್ವಾನ್ನಗಳ ಹೆಸರು ಬರೆದಿಟ್ಟು ಉಪ್ಪಿಟ್ಟೊಂದನ್ನೇ ಬಡಿಸುವ ಹೋಟೆಲನ್ನು ನಾವು ಮೊದಲೂ ಕಂಡಿದ್ದೆವು.

ಅದಕ್ಕಿಂತಲೂ ನಮ್ಮನ್ನು ಕೆಣಕಿದ ಸಂಗತಿ ಬೇರೆ. ಆ ಹುಡುಗ ಮೈಲೇಜನ್ನು ನಮಗೆ ಹೇಳಿದನು, ಗೇರನ್ನು ನಮಗೆ ತೋರಿಸಿದನು, ಸೀಟಿನ ಮೇಲೆ ಕುಳಿತು ನೋಡಿರೆಂದು ನಮ್ಮನ್ನು ಕರೆದನು. ನಮಗೆ ಗೇರಿನ ಗಾಡಿ ಹೊಡೆಯಲು ಬರುವುದಿಲ್ಲ. ಮಗಳು ಮೆಲ್ಲಗೆ ಕನ್ನಡದಲ್ಲಿ, “ಅಪ್ಪಾ, ಗಾಡಿ ಹೊಡಿಯೋಕಿ ನಾನು, ರೊಕ್ಕ ಕಟ್ಟೋಕಿ ನಾನು. ಅವರು ಮಾತಾಡೂದು ನಿಮ್ಮ ಜೋಡಿ!” ಎಂದಳು. ನಾವು ನಕ್ಕೆವು, ಆಕೆ ನಗಲಿಲ್ಲ. ಆಮೇಲೆ ನಾವು ನಾಲ್ಕು ಹೆಜ್ಜೆ ಹಿಂದೆ ಸರಿದು ಕುರ್ಚಿಯ ಮೇಲೆ ಕುಳಿತೆವು. ಅಂದು ನಾವು ಮಾಡಿದ ಒಂದೇ ಜಾಣತನದ ಕೆಲಸ ಅದು. ಪ್ರಶ್ನೆ ಕೇಳುವ ಹೊಣೆ ಆಕೆಯ ಕೈಗೆ ಬಂದಿತು.

ಎರಡನೆಯ ತೊಡಕು ಬೆಲೆಯದು. ಫಲಕದ ಮೇಲೆ 92,000 ರೂಪಾಯಿ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಇದಕ್ಕೆ ಶೋರೂಮ್ ಬೆಲೆ ಎನ್ನುತ್ತಾರೆ. ಆದರೆ ಆ ಬೆಲೆಗೆ ಗಾಡಿ ಶೋರೂಮಿನಲ್ಲಿಯೇ ನಿಂತಿರುತ್ತದೆ. ರಸ್ತೆಗೆ ಇಳಿಸುವ ಬೆಲೆ ಬೇರೆ. ಹುಡುಗನು ಒಂದು ಚೀಟಿಯ ಮೇಲೆ 1,23,500 ಎಂದು ಬರೆದು, ಸುತ್ತಲೂ ಒಂದು ವರ್ತುಲ ಎಳೆದು ಕೊಟ್ಟನು. ನಾವು ಪೆನ್ನಿಗೆ ಕೈ ಹಾಕಿದ್ದೆವು. ಏಕೆಂದರೆ ಪರ ಊರಿನಲ್ಲಿ ಮೂವತ್ತೈದು ವರುಷ ಬಾಳಿ ನಾವು ಕಲಿತದ್ದೇ ಅದು: ಅಂಗಡಿಕಾರನೊಡನೆ ವಾದ ಬೇಡ, ನಮ್ಮ ಮರಾಠಿ ಕೇಳಿ ನಕ್ಕಾರು, ಕೇಳಿದಷ್ಟು ಕೊಟ್ಟು ಮನೆಗೆ ಹೋಗೋಣ. ಈ ಸಭೆಯಲ್ಲಿ ಕುಳಿತ ಎಷ್ಟೋ ಹಿರಿಯರಿಗೆ ಈ ಮನೋಧರ್ಮ ಪರಿಚಯವಾದದ್ದೇ ಎಂದು ನಂಬಿದ್ದೇವೆ.

ಮಗಳು ಕೈ ಹಿಡಿದಳು. ಚೀಟಿಯನ್ನು ತೆಗೆದುಕೊಂಡು ಮನೆಗೆ ಬಂದೆವು. ನಮ್ಮ ನೆರೆಮನೆಯಲ್ಲಿ ಒಬ್ಬ ಮರಾಠಿ ಕಾಕಾ ಇದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರು. ಚೀಟಿ ನೋಡಿ ಅವರು ಎರಡೇ ಮಾತು ಹೇಳಿದರು: “ಲೇಖೀ ದ್ಯಾ.” ಅಂದರೆ, ಬರೆದು ಕೊಡಿರಿ. “ಮತ್ತೇನೂ ವಾದ ಮಾಡಬೇಡಿರಿ. ಒಂದೊಂದು ಬಾಬಿಗೂ ಒಂದೊಂದು ಸಾಲು ಬರೆದು ಕೊಡಲು ಹೇಳಿರಿ” ಎಂದರು.

ಮರುದಿನ ಹೋಗಿ ಹಾಗೆಯೇ ಕೇಳಿದೆವು. ಅಂಗಡಿಯವರಿಗೆ ಸಂತೋಷವಾಗಲಿಲ್ಲ, ಆದರೂ ಬರೆದು ಕೊಟ್ಟರು. ಗಾಡಿಗೆ 92,000, ರಸ್ತೆ ತೆರಿಗೆ ಮತ್ತು ನೋಂದಣಿಗೆ 11,200, ವಿಮೆಗೆ 8,900, ‘ಹ್ಯಾಂಡ್ಲಿಂಗ್’ ಎಂದು 1,500, ಬಿಡಿ ಸಾಮಾನುಗಳಿಗೆ 5,800, ಹೆಚ್ಚಿನ ವಾರಂಟಿಗೆ 1,900, ದಾರಿಯಲ್ಲಿ ಕೆಟ್ಟರೆ ನೆರವಿಗೆ 900, ಬಣ್ಣಕ್ಕೆ ಲೇಪನವೆಂದು 1,300. ವರ್ತುಲದೊಳಗೆ ಅಡಗಿದ್ದ ಎಂಟು ಮಂದಿ ಸಾಲಾಗಿ ಬಂದು ನಿಂತರು.

ಇವರಲ್ಲಿ ಯಾರು ಮನೆಯವರು, ಯಾರು ಕರೆಯದೆ ಬಂದವರು? ಇಷ್ಟು ತಿಳಿದುಕೊಂಡರೆ ಸಾಕು.

ತೆರಿಗೆ ಮತ್ತು ನೋಂದಣಿ ಸರಕಾರಕ್ಕೆ ಸಲ್ಲುವಂಥವು; ರಸೀತಿ ಬರುತ್ತದೆ, ಅದನ್ನು ಕೇಳಿ ಇಟ್ಟುಕೊಳ್ಳಬೇಕು. ವಿಮೆಯಲ್ಲಿ ಎರಡು ಭಾಗಗಳುಂಟು. ನಮ್ಮ ಗಾಡಿಯಿಂದ ಇತರರಿಗೆ ಆಗುವ ಹಾನಿಯ ವಿಮೆಯನ್ನು 2018ರ ಸೆಪ್ಟೆಂಬರದಿಂದ ಹೊಸ ಗಾಡಿಗೆ ಐದು ವರುಷಕ್ಕೆ ಒಟ್ಟಿಗೆ ಮಾಡಿಸಲೇಬೇಕು. ಅದರ ದರವನ್ನು ಸರಕಾರವೇ ಗೊತ್ತುಮಾಡುತ್ತದೆ. ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ ನಮ್ಮ ಇಚ್ಛೆಯದು. ಅದರ ದರ ಕಂಪನಿಯಿಂದ ಕಂಪನಿಗೆ ಬೇರೆ. ಯಾವ ಕಂಪನಿಯಲ್ಲಿ ಮಾಡಿಸಬೇಕೆಂಬುದು ಕೊಳ್ಳುವವರ ಆಯ್ಕೆ, ಅಂಗಡಿಯವರದಲ್ಲ. ನಾವು ಹೊರಗೆ ವಿಚಾರಿಸಿದಾಗ ಎರಡೂ ಸೇರಿ 6,700ಕ್ಕೆ ಮುಗಿಯಿತು.

‘ಹ್ಯಾಂಡ್ಲಿಂಗ್’ ಎಂದರೇನೆಂದು ಮಗಳು ಕೇಳಿದಳು. ಗಾಡಿಯನ್ನು ಗೋದಾಮಿನಿಂದ ಅಂಗಡಿಗೆ ತಂದ ಖರ್ಚು ಎಂದರು. “ಗೋದಾಮಿನಿಂದ ತರದೆ ಮಾರೂದು ಹ್ಯಾಂಗ್ರಿ?” ಎಂದಳು. ಯಾವ ಕಾಯಿದೆಯ ಯಾವ ಕಲಮಿನ ಪ್ರಕಾರ ಇದನ್ನು ಕೊಡಬೇಕೆಂದು ಬರೆದು ಕೊಡಿರೆಂದಾಗ ಆ ಸಾಲು ತಾನಾಗಿಯೇ ಅಳಿಸಿಹೋಯಿತು.

ಬಿಡಿ ಸಾಮಾನುಗಳ ಪಟ್ಟಿ ಓದಿದಾಗ ನಮಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅದರಲ್ಲಿ ಸೀರೆ ಗಾರ್ಡು, ಹಿಂದೆ ಕುಳಿತವರು ಹಿಡಿಯುವ ಹಿಡಿಕೆ, ಹೆಲ್ಮೆಟ್ಟು ಇವೆಲ್ಲ ಇದ್ದವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮ ಇದನ್ನೇ ಹೇಳುತ್ತದೆ: ಹಿಂದೆ ಕುಳಿತವರಿಗೆ ಹಿಡಿಕೆ, ಕಾಲಿಡುವ ಪಾಯಟಿಗೆ, ಬಟ್ಟೆ ಗಾಲಿಗೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದ ಮುಚ್ಚಳ, ಇವು ಗಾಡಿಯಲ್ಲಿ ಇರಲೇಬೇಕು. 138ನೆಯ ನಿಯಮದಂತೆ ಗಾಡಿ ಕೊಳ್ಳುವಾಗ ಐಎಸ್‌ಐ ಗುರುತಿನ ಮಟ್ಟದ ಹೆಲ್ಮೆಟ್ಟನ್ನು ತಯಾರಕರೇ ಕೊಡಬೇಕು. ಅಂದರೆ ನಮ್ಮ ತಾಯಂದಿರ, ಸೋದರಿಯರ ಜೀವ ಕಾಯುವ ಸಾಮಾನು ಅಲಂಕಾರದ ಸಾಮಾನಲ್ಲ. ಬಾಗಿಲು ಕೂಡಿಸಿದ್ದಕ್ಕೆ ಬೇರೆ ದುಡ್ಡು ಕೇಳುವ ಬಡಿಗನನ್ನು ನಾವು ಒಪ್ಪುವುದಿಲ್ಲವಷ್ಟೆ? ಇದೂ ಹಾಗೆಯೇ.

ಕೊನೆಗೆ ಬಿದ್ದರೆ ಪೆಟ್ಟಾಗದಿರಲೆಂದು ಕಬ್ಬಿಣದ ಗಾರ್ಡಿಗೆ 1,100 ಕೊಟ್ಟೆವು. ಹೆಚ್ಚಿನ ವಾರಂಟಿಯನ್ನು ಮಗಳು ಬೇಕೆಂದಳು, ಇಟ್ಟುಕೊಂಡೆವು. ಲೇಪನ, ದಾರಿಯ ನೆರವು ಬೇಡವೆಂದೆವು. ಒಟ್ಟು 1,12,900 ಆಯಿತು. ಬರೆದು ಕೊಡಿರಿ ಎಂಬ ಮಾತಿನ ಬೆಲೆ 10,600 ರೂಪಾಯಿ! ನಮ್ಮ ಜೀವನದಲ್ಲಿ ಮರಾಠಿಯ ಎರಡು ಶಬ್ದಗಳಿಂದ ನಾವು ಇಷ್ಟು ಗಳಿಸಿದ್ದು ಇದೇ ಮೊದಲು.

ಇದು ಪೆಟ್ರೋಲ್ ಗಾಡಿಗಳ ಮಾತಷ್ಟೇ ಅಲ್ಲ. ವಿದ್ಯುತ್ ಸ್ಕೂಟರುಗಳ ಕೆಲವು ಕಂಪನಿಗಳು ಚಾರ್ಜರಿಗೆ ಬೇರೆ ಹಣ ತೆಗೆದುಕೊಂಡಿದ್ದವು. ಸರಕಾರ ವಿಚಾರಿಸಿದ ಮೇಲೆ 2023ರಲ್ಲಿ ಅದನ್ನು ಗಿರಾಕಿಗಳಿಗೆ ಮರಳಿಸಲು ಒಪ್ಪಬೇಕಾಯಿತು. ಕೇಳಿದರೆ ಬರುತ್ತದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಇಲ್ಲಿ ನಮ್ಮವರಿಗೆ ವಿಶೇಷವಾಗಿ ಇನ್ನೊಂದು ಮಾತು. “ಬೆಳಗಾವಿಯಾಗ ಕೊಂಡ್ರ ಸಸ್ತಾ ಬೀಳತದ, ನಮ್ಮ ಮಾವ ಅದಾರ” ಎಂದು ಪ್ರತಿಯೊಂದು ಮನೆಯಲ್ಲಿಯೂ ಒಬ್ಬರು ಹೇಳುತ್ತಾರೆ. ಆದರೆ ಗಾಡಿ ಎಲ್ಲಿ ಇರುತ್ತದೆಯೋ ಆ ರಾಜ್ಯದಲ್ಲಿ ನೋಂದಣಿಯಾಗಬೇಕು. ಊರಿನಿಂದ ಕೆಎ ನಂಬರಿನ ಗಾಡಿ ತಂದವರೂ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ, ಊರಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಯ ನಂಬರು ಪಡೆಯಬೇಕು. ಇಲ್ಲಿಯ ತೆರಿಗೆ ಕಟ್ಟಬೇಕು. ಮಾವನ ಪ್ರೀತಿ ದೊಡ್ಡದು. ಆದರೆ ಸಂಗಮ ಪುಲಿನ ಆರ್‌ಟಿಒ ಕಛೇರಿಯಲ್ಲಿ ಅದು ನಡೆಯುವುದಿಲ್ಲ.

ಮೂರನೆಯ ತೊಡಕು ಗಾಡಿ ಮನೆಗೆ ಬಂದ ಮೇಲಿನದು. ಪೇಢೆ ಕೊಟ್ಟು, ಹಾರ ಹಾಕಿ, ಕೀಲಿಕೈಯ ದೊಡ್ಡ ಪ್ರತಿಕೃತಿ ಹಿಡಿಸಿ ಫೋಟೋ ತೆಗೆದ ಅದೇ ಜನ, ಒಂದು ತಿಂಗಳ ಮೇಲೆ ಗಾಡಿಯ ಹಾರ್ನು ನಿಂತುಹೋಯಿತೆಂದು ಹೋದಾಗ ಗುರುತು ಹಿಡಿಯಲಿಲ್ಲ. ಮೊದಲ ಸರ್ವಿಸು ‘ಉಚಿತ’ ಎಂದಿದ್ದರು. ಉಚಿತವಾದದ್ದು ಕೂಲಿ ಮಾತ್ರ, ಎಣ್ಣೆಗೆ ದುಡ್ಡುಂಟು. ಅದು ನ್ಯಾಯವೇ ಇರಲಿ, ಮೊದಲೇ ಹೇಳಬೇಕಿತ್ತು. ಸಂಜೆ ಗಾಡಿ ಮರಳಿ ಬಂದಾಗ ಚೆನ್ನಾಗಿ ತೊಳೆದಿದ್ದರು, ಹಾರ್ನು ಮಾತ್ರ ಮೌನವ್ರತ ಬಿಟ್ಟಿರಲಿಲ್ಲ. ಎರಡು ಸಲ ಹೀಗಾಯಿತು. ನಾನಾ ಪೇಠೆಯಲ್ಲಿ ಹತ್ತು ನಿಮಿಷದಲ್ಲಿ ಸರಿಮಾಡಿಸಬಹುದೆಂದು ಗೆಳೆಯರೊಬ್ಬರು ಹೇಳಿದರು. ಆದರೆ ಹೊರಗೆ ತಂತಿ ಬಿಚ್ಚಿಸಿದರೆ ವಾರಂಟಿಗೆ ಆಕ್ಷೇಪ ತೆಗೆದಾರೆಂಬ ಅಂಜಿಕೆ.

ಮೂರನೆಯ ಸಲ ಮಗಳು ಜಾಬ್ ಕಾರ್ಡಿನ ಮೇಲೆ ತನ್ನ ಕೈಯಿಂದಲೇ ಬರೆದಳು: “ಹಾರ್ನು ಬಾರಿಸುವುದಿಲ್ಲ. ಇದು ಮೂರನೆಯ ಸಲ. ಹಿಂದಿನ ಎರಡು ತಾರೀಖುಗಳು ಇವು.” ಅದರ ಪ್ರತಿಯನ್ನು ಕೇಳಿ ತೆಗೆದುಕೊಂಡಳು. ತಯಾರಕರಿಗೂ ಒಂದು ಪತ್ರ ಬರೆದಳು. ಎರಡು ದಿನಗಳಲ್ಲಿ ಹೊಸ ಸ್ವಿಚ್ಚು ಬಂದಿತು. ಒಂದು ಸಾಲಿನ ಬರಹಕ್ಕೆ ಇರುವ ಬಲ ಹತ್ತು ಸಲದ ಕೂಗಾಟಕ್ಕೆ ಇಲ್ಲ.

ಬರೆದರೂ ಕೆಲಸವಾಗದಿದ್ದರೆ ಏನು ಮಾಡಬೇಕು? 1915 ಎಂಬ ನಂಬರಿಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೊರೆಯುತ್ತದೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವುಂಟು. 1986ರ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿದೆ. 2020ರ ಜುಲೈಯಿಂದ ಜಾರಿಯಲ್ಲಿದೆ. ಕೊಂಡವರು ತಾವು ವಾಸಿಸುವ ಊರಿನಲ್ಲಿಯೇ ದೂರು ಕೊಡಬಹುದೆಂಬುದು ಇದರ ದೊಡ್ಡ ಅನುಕೂಲ. ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಕಟ್ಟುಮಾಡುವ ವ್ಯಾಪಾರವನ್ನು ಈ ಕಾಯಿದೆ ತಪ್ಪು ವ್ಯವಹಾರವೆಂದೇ ಹೇಳಿದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ.

ಇಷ್ಟನ್ನೆಲ್ಲ ಹೇಳಿದ್ದು ಅಂಗಡಿಕಾರರನ್ನು ಬಯ್ಯುವುದಕ್ಕಲ್ಲ. ಮಾರುವ ಆ ಹುಡುಗನೂ ತಿಂಗಳಿಗೆ ಇಷ್ಟು ಗಾಡಿ, ಇಷ್ಟು ವಿಮೆ ಎಂಬ ಲೆಕ್ಕದ ಕೆಳಗೆ ನರಳುವವನೇ. ಬಹುಶಃ ಅವನೂ ಯಾವುದೋ ಊರಿನಿಂದ ಹೊಟ್ಟೆಪಾಡಿಗೆ ಬಂದವನೇ. ಇದು ಕನ್ನಡ ಮರಾಠಿಯ ಮಾತೂ ಅಲ್ಲ. ಗ್ರಾಹಕರು ಒಟ್ಟುಗೂಡಬೇಕೆಂದು 1974ರಲ್ಲಿ ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತವನ್ನು ಸ್ಥಾಪಿಸಿದ್ದು ಇದೇ ಪುಣೆಯಲ್ಲಿ. ನಮಗೆ ದಾರಿ ತೋರಿಸಿದವರೂ ಮರಾಠಿ ಕಾಕಾ ಅವರೇ. ನಾವು ಬಾಯಿ ಮುಚ್ಚಿಕೊಂಡು ಸಹಿ ಮಾಡಿದ್ದನ್ನು ಇಲ್ಲಿಯವರು ನಮ್ಮ ಸೌಜನ್ಯವೆಂದು ಭಾವಿಸಲಿಲ್ಲ. ನಮಗೆ ಗೊತ್ತಿಲ್ಲವೆಂದೇ ಭಾವಿಸಿದರು. ತಪ್ಪು ಅವರದಷ್ಟೇ ಅಲ್ಲ.

ಆದ್ದರಿಂದ ಸಂಘಕ್ಕೆ ನಮ್ಮ ಒಂದು ಬಿನ್ನಹ. ನಾಟಕಕ್ಕೆ, ಸಂಗೀತಕ್ಕೆ ನಮ್ಮಲ್ಲಿ ಸಮಿತಿಗಳುಂಟು. ಹೊಸದಾಗಿ ಬಂದ ಕುಟುಂಬದವರು ಗಾಡಿಯ ಚೀಟಿಯನ್ನೋ, ಸಾಲದ ಕಾಗದವನ್ನೋ, ಮನೆ ಬಾಡಿಗೆಯ ಕರಾರನ್ನೋ ಹಿಡಿದುಕೊಂಡು ಬಂದರೆ, ಅದನ್ನು ಓದಿ ಕನ್ನಡದಲ್ಲಿ ಅರ್ಥ ಹೇಳುವ ಇಬ್ಬರು ಹಿರಿಯರು ಭಾನುವಾರಕ್ಕೆ ಒಂದು ತಾಸು ಇಲ್ಲಿ ಕುಳಿತರೆ ಸಾಕು. ಬ್ಯಾಂಕಿನಿಂದ, ವಿಮಾ ಕಛೇರಿಯಿಂದ, ಕೋರ್ಟಿನಿಂದ ನಿವೃತ್ತರಾದವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಭಾಷೆಯನ್ನು ಉಳಿಸುವ ದಾರಿಗಳಲ್ಲಿ ಇದೂ ಒಂದು; ಕಷ್ಟದಲ್ಲಿ ಕೆಲಸಕ್ಕೆ ಬಂದ ನುಡಿಯನ್ನು ಮಕ್ಕಳು ಬಿಡುವುದಿಲ್ಲ.

ಕೊನೆಗೆ ಒಂದು ಮಾತು ಹೇಳಿ ಮುಗಿಸುತ್ತೇವೆ. ಗಾಡಿಗೆ ನಂಬರು ಬಂದ ಭಾನುವಾರ ಮಗಳು, “ಅಪ್ಪಾ, ಹಿಂದ ಕೂಡ್ರಿ” ಎಂದಳು. ನಿಯಮದಂತೆ ಸಿಕ್ಕ ಹೆಲ್ಮೆಟ್ಟು ಆಕೆಗೆ, ಬೇರೆ ಕೊಂಡದ್ದು ನಮಗೆ. ನಿಯಮದ ಹಿಡಿಕೆಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಕುಳಿತೆವು. ಸ್ವಾರಗೇಟ ದಾಟಿ, ಕಾತ್ರಜದ ಹಳೆಯ ಘಾಟ ಹತ್ತಿ, ಆ ಕಡೆಗೆ ಇಳಿದೆವು. ಬೆಳಗಾವಿಗೇನೂ ಹೋಗಲಿಲ್ಲ, ಕೆಳಗೆ ಚಹ ಕುಡಿದು ಮರಳಿದೆವು. ಬಂದು ಟ್ರಂಕು ತೆರೆದು 1981ರ ಕಾರ್ಡನ್ನು ಆಕೆಗೆ ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿ, ತನ್ನ ಗಾಡಿಯ ಕಾಗದಗಳ ಜೊತೆಗೇ ಅದನ್ನೂ ಇಟ್ಟುಕೊಂಡಳು.